ಪುಟ್ಟ ಉಗಿ ಎಂಜಿನ್‌ಗಳ ಮೇಳಕ್ಕೆ ಜಾಗ ಸಿದ್ಧಪಡಿಸುವುದು: ಗದ್ದೆಯೋ, ಬೇಣವೋ?

ಪ್ರಶ್ನೆ: ಹಳ್ಳದಂಚು, ಶಿರಸಿ

ಎಲ್ಲರಿಗೂ ನಮಸ್ಕಾರ. ನಿಜವಾದ ಬೆಂಕಿ, ನೀರು, ಉಗಿಯಿಂದಲೇ ಓಡುವ ಪುಟ್ಟ ಎಂಜಿನ್‌ಗಳನ್ನು ಕಟ್ಟುವ ಹವ್ಯಾಸವಿರುವ ಕೆಲವರು ಸೇರಿ, ಬರುವ ಜನವರಿಯಲ್ಲಿ ನಮ್ಮೂರಿನಲ್ಲಿ ಎರಡು ದಿನಗಳ ಮೇಳವೊಂದನ್ನು ನಡೆಸಬೇಕೆಂದು ಮಾತಾಡಿಕೊಂಡಿದ್ದೇವೆ. ಊರು ಶಿರಸಿ–ಸಿದ್ದಾಪುರ ರಸ್ತೆಯಿಂದ ಸ್ವಲ್ಪ ಒಳಗಿದೆ. ಬೆಂಗಳೂರು, ಹುಬ್ಬಳ್ಳಿ, ಮಂಗಳೂರು ಕಡೆಗಳಿಂದ ಹತ್ತು ಹನ್ನೆರಡು ಎಂಜಿನ್‌ಗಳು ಬರುವ ನಿರೀಕ್ಷೆಯಿದೆ. ಅವುಗಳಲ್ಲಿ ಹೆಚ್ಚಿನವು 5 ಇಂಚು ಮತ್ತು 7¼ ಇಂಚು ಗೇಜಿನ (ಎರಡು ಹಳಿಗಳ ನಡುವಿನ ಅಂತರದ) ರೈಲು ಎಂಜಿನ್‌ಗಳು. ಒಂದು ಮಾತ್ರ ಹಳಿಯಿಲ್ಲದೆ ನೆಲದ ಮೇಲೆಯೇ ಓಡುವ ರಸ್ತೆ ಎಂಜಿನ್. ಮೂಲದ ಒಂದಡಿಗೆ 4 ಇಂಚಿನ ಲೆಕ್ಕದಲ್ಲಿ, ಅಂದರೆ ಮೂರನೆಯ ಒಂದು ಅಳತೆಯಲ್ಲಿ ಕಟ್ಟಿದ್ದು, ತೂಕ ಅರ್ಧ ಟನ್ನಿನ ಆಸುಪಾಸಿನಲ್ಲಿದೆ. ಮೇಜಿನ ಮೇಲೆ ನಿಲ್ಲಿಸಿ ಓಡಿಸುವ ಸ್ಥಿರ ಎಂಜಿನ್‌ಗಳೂ ಕೆಲವಿವೆ, ಆದರೆ ಅವುಗಳಿಗೆ ಒಂದು ಚಪ್ಪರವಾದರೆ ಸಾಕಾದ್ದರಿಂದ ಅವುಗಳ ಚಿಂತೆ ನಮಗಿಲ್ಲ.

ಮನೆಯ ಕಡೆಯಿಂದ ಎರಡು ಜಾಗಗಳು ಸಿಗುತ್ತವೆ. ಒಂದು, ಹಳ್ಳದ ಪಕ್ಕದ ಗದ್ದೆ. ಡಿಸೆಂಬರ್ ಮೊದಲ ವಾರದ ಹೊತ್ತಿಗೆ ಅಲ್ಲಿ ಭತ್ತದ ಕೊಯ್ಲು ಮುಗಿದಿರುತ್ತದೆ, ಸುಗ್ಗಿ ಬೆಳೆಯನ್ನು ಈ ವರ್ಷ ಹಾಕುವುದಿಲ್ಲವೆಂದು ಅಪ್ಪಯ್ಯ ಒಪ್ಪಿದ್ದಾರೆ. ಇನ್ನೊಂದು, ಮನೆಯ ಹಿಂದಿನ ಬೇಣ, ಅಂದರೆ ಹುಲ್ಲಿಗೆಂದು ಬಿಟ್ಟ ಜಾಗ. ಅದು ಗಟ್ಟಿ ನೆಲ, ಅಲ್ಲಲ್ಲಿ ಚಿರೇಕಲ್ಲು (ಜಂಬಿಟ್ಟಿಗೆ) ಮೇಲೆದ್ದಿದೆ, ಒಂದು ಕಡೆಗೆ ಇಳಿಜಾರಾಗಿದೆ, ಮೇಲಿನ ತುದಿ ಬೆಟ್ಟಕ್ಕೆ ತಾಗುತ್ತದೆ. ಕುಮಟಾದ ಸ್ನೇಹಿತರೊಬ್ಬರು ಸಮುದ್ರದ ಕಡೆ ತಮ್ಮ ಜಾಗವಿದೆ ಎಂದೂ ಹೇಳಿದ್ದಾರೆ.

ನಮ್ಮಲ್ಲಿ ಯಾರೂ ಇಂಥದ್ದೊಂದನ್ನು ಹಿಂದೆ ಏರ್ಪಡಿಸಿದವರಲ್ಲ. ನೆಲವನ್ನು ಎಷ್ಟರ ಮಟ್ಟಿಗೆ ಸಮ ಮಾಡಬೇಕು, ಬಾಯ್ಲರ್‌ಗೆ ನಮ್ಮ ಬಾವಿಯ ನೀರು ಆದೀತೇ, ಒಣಹುಲ್ಲಿನ ಕಾಲದಲ್ಲಿ ಕಿಡಿಯ ಭಯವನ್ನು ಹೇಗೆ ನಿಭಾಯಿಸಬೇಕು, ಯಾರ್ಯಾರ ಅನುಮತಿ ಬೇಕು ಎಂಬುದನ್ನು ತಿಳಿದವರು ಹೇಳಬೇಕೆಂದು ವಿನಂತಿ. ಫೆಬ್ರವರಿ–ಮಾರ್ಚ್‌ಗೆ ಮುಂದೂಡೋಣ ಎಂದರೆ, ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆಯ ವರ್ಷಗಳಲ್ಲಿ ಶಿರಸಿಯಲ್ಲಿ ಪೆಂಡಾಲಿನವರೂ ಸಿಗುವುದಿಲ್ಲ, ಉಳಿದುಕೊಳ್ಳಲು ಕೋಣೆಯೂ ಸಿಗುವುದಿಲ್ಲ ಎಂಬ ಲೆಕ್ಕಾಚಾರವೂ ನಮ್ಮದಿದೆ.

ಉತ್ತರ 1: ಹಳೆಯ ಫಿಟ್ಟರ್, ಹುಬ್ಬಳ್ಳಿ

ನಮಸ್ಕಾರ. ಮೊದಲು ಗದ್ದೆಯ ವಿಚಾರ ಹೇಳಿಬಿಡುತ್ತೇನೆ. ಕಣ್ಣಿಗೆ ಅಷ್ಟು ಸಮತಟ್ಟಾದ ಜಾಗ ಮಲೆನಾಡಿನಲ್ಲಿ ಬೇರೆ ಸಿಗುವುದಿಲ್ಲವಾದ್ದರಿಂದ ಎಲ್ಲರ ಮನಸ್ಸೂ ಮೊದಲು ಅಲ್ಲಿಗೇ ಹೋಗುತ್ತದೆ. ಆದರೆ ಗದ್ದೆಯ ಮಣ್ಣನ್ನು ನೀರು ಇಂಗಿಹೋಗದಂತೆ ತಲೆಮಾರುಗಳಿಂದ ಉತ್ತು, ಕಲಸಿ, ಕೆಸರು ಮಾಡಿಯೇ ಹದಗೊಳಿಸಿರುತ್ತಾರೆ. ಕೊಯ್ಲಾದ ಮೇಲೆ ಮೇಲ್ಪದರ ಒಣಗಿ ಬಿರುಕು ಬಿಟ್ಟಿದ್ದರೂ ಗೇಣುದ್ದ ಕೆಳಗೆ ತೇವ ಉಳಿದೇ ಇರುತ್ತದೆ; ಹಳ್ಳದ ಪಕ್ಕದ ಗದ್ದೆಯಲ್ಲಂತೂ ಅದು ಜನವರಿ ಕಳೆದರೂ ಹೋಗುವುದಿಲ್ಲ. ಭತ್ತಕ್ಕೆ ಯಾವುದು ಗುಣವೋ ಎಂಜಿನ್ನಿಗೆ ಅದೇ ದೋಷ.

ನಿಮ್ಮ ರಸ್ತೆ ಎಂಜಿನ್ನಿನ ಅರ್ಧ ಟನ್ನಿನಲ್ಲಿ ಹೆಚ್ಚಿನ ಪಾಲು ಹಿಂದಿನ ಎರಡು ಚಕ್ರಗಳ ಮೇಲೆ ಬೀಳುತ್ತದೆ. ಆ ಚಕ್ರಗಳ ಅಗಲ ಒಂದು ಅಂಗೈಗಿಂತ ಹೆಚ್ಚಿರುವುದಿಲ್ಲ. ಬೆಳಗಿನ ಇಬ್ಬನಿ ಬಿದ್ದ ಹುಲ್ಲಿನ ಮೇಲೆ ಉಕ್ಕಿನ ಚಕ್ರ ಜಾರಲು ಶುರುವಾದರೆ, ಮೆತ್ತಗಿನ ನೆಲದಲ್ಲಿ ಅದು ತನ್ನ ಗುಂಡಿಯನ್ನು ತಾನೇ ತೋಡಿಕೊಳ್ಳುತ್ತದೆ. ಅದಕ್ಕಿಂತ ದೊಡ್ಡ ತಾಪತ್ರಯ ಎಂಜಿನ್ ಹೊತ್ತು ತರುವ ಲಾರಿಯದು. ಮೇಳದ ಜಾಗಗಳು ಹಾಳಾಗುವುದು ಹೆಚ್ಚಾಗಿ ಲಾರಿ ಒಳಬರುವ ದಣಪೆಯ (ಬೇಲಿಬಾಗಿಲಿನ) ಬಾಯಲ್ಲೇ ಎಂಬುದನ್ನು ಗಮನದಲ್ಲಿಡಿ.

ಇಂಗ್ಲೆಂಡಿನಲ್ಲಿ ಈ ಮೇಳಗಳ ಪದ್ಧತಿ ಶುರುವಾದದ್ದು 1950ರಲ್ಲಿ. ಆಪಲ್‌ಫೋರ್ಡ್ ಎಂಬ ಹಳ್ಳಿಯ ಆರ್ಥರ್ ನ್ಯಾಪರ್ ಎಂಬ ರೈತರು ಬಿಯರ್ ಪಣಕ್ಕಿಟ್ಟು ತಮ್ಮ ಹಳೆಯ ರಸ್ತೆ ಎಂಜಿನ್ನನ್ನು ಗೆಳೆಯರೊಬ್ಬರ ಎಂಜಿನ್ನಿನೊಂದಿಗೆ ಹುಲ್ಲುಗಾವಲಿನಲ್ಲಿ ಓಡಿಸಿದರು. ಅಲ್ಲಿಯವರ ತಯಾರಿಯೆಲ್ಲ ಮಳೆಯನ್ನು ಎದುರಿಸುವ ತಯಾರಿ. ಬೇಸಿಗೆಯಲ್ಲೂ ಮಳೆ ಬರುವ ದೇಶವಾದ್ದರಿಂದ ಬಾಗಿಲಿನಲ್ಲಿ ಒಣಹುಲ್ಲು ಹರಡುತ್ತಾರೆ, ಮರದ ಚಕ್ಕೆ ಹಾಸುತ್ತಾರೆ. ಅದನ್ನು ಓದಿಕೊಂಡು ಇಲ್ಲಿ ಅಡಿಕೆ ಸಿಪ್ಪೆ ಹರಡಲು ಹೋಗಬೇಡಿ. ಜನವರಿಯಲ್ಲಿ ನಿಮಗೆ ಮಳೆಯ ಭಯ ಕಡಿಮೆ, ಬೆಂಕಿಯ ಭಯ ಹೆಚ್ಚು. ಲಾರಿಯ ದಾರಿಗೆ ಗೊಚ್ಚುಮಣ್ಣು (ಕಲ್ಲುಹರಳಿನ ಕೆಂಪು ಮಣ್ಣು) ಹಾಕಿ ನೀರು ಹೊಡೆದು ತುಳಿಸಿದರೆ ಸಾಕು, ಆದರೆ ಗದ್ದೆಯೊಳಗೆ ಗೊಚ್ಚು ಹಾಕಿದರೆ ಮುಂದಿನ ವರ್ಷ ನಾಟಿಯ ಹೊತ್ತಿನಲ್ಲಿ ಅಪ್ಪಯ್ಯನವರು ನಿಮ್ಮನ್ನು ಕ್ಷಮಿಸಲಾರರು.

ಇನ್ನು ಇಳಿಜಾರು. ರೈಲು ಎಂಜಿನ್ನಿನ ಮತ್ತು ರಸ್ತೆ ಎಂಜಿನ್ನಿನ ಬಾಯ್ಲರ್‌ಗಳಲ್ಲಿ ಬೆಂಕಿಪೆಟ್ಟಿಗೆ ಹಿಂದಿನ ತುದಿಯಲ್ಲಿರುತ್ತದೆ, ಅದರ ನೆತ್ತಿಯ ತಗಡಿನ ಮೇಲೆ ಸದಾ ನೀರು ನಿಂತಿರಬೇಕು. ಎಂಜಿನ್ ಮುಂದಕ್ಕೆ ಬಾಗಿ ಇಳಿಯುವಾಗ ನೀರು ಚಿಮಣಿಯ ಕಡೆಗೆ ಸರಿದು ಆ ನೆತ್ತಿ ಬರಿದಾಗಬಹುದು. ಲೆಕ್ಕ ಹಾಕಿ ನೋಡಿ: ಅರವತ್ತು ಸೆಂಟಿಮೀಟರ್ ಉದ್ದದ ಬಾಯ್ಲರ್ ಇಪ್ಪತ್ತಕ್ಕೆ ಒಂದರ ಇಳಿಜಾರಿನಲ್ಲಿ ನಿಂತರೆ ಎರಡು ತುದಿಗಳ ನೀರಿನ ಮಟ್ಟದಲ್ಲಿ ಮೂರು ಸೆಂಟಿಮೀಟರ್ ವ್ಯತ್ಯಾಸ ಬರುತ್ತದೆ. ಪುಟ್ಟ ಎಂಜಿನ್ನುಗಳ ನೀರಿನ ಗಾಜಿನಲ್ಲಿ ಕಣ್ಣಿಗೆ ಕಾಣುವ ಉದ್ದವೇ ಹೆಚ್ಚುಕಡಿಮೆ ಅಷ್ಟಿರುತ್ತದೆ. ಐವತ್ತಕ್ಕೆ ಒಂದಾದರೆ ವ್ಯತ್ಯಾಸ 1.2 ಸೆಂಟಿಮೀಟರಿಗೆ ಇಳಿಯುತ್ತದೆ, ಚಾಲಕ ನಿಭಾಯಿಸಿಕೊಳ್ಳುತ್ತಾನೆ. ಆದ್ದರಿಂದ ರಸ್ತೆ ಎಂಜಿನ್ ಸುತ್ತಾಡುವ ಜಾಗ ಐವತ್ತಕ್ಕೆ ಒಂದಕ್ಕಿಂತ ಕಡಿದಾಗಿರದಿರಲಿ, ಹಳಿಯ ಜಾಗ ನೂರಕ್ಕೆ ಒಂದರೊಳಗಿರಲಿ. ಅಳೆಯಲು ದುಬಾರಿ ಉಪಕರಣ ಬೇಕಿಲ್ಲ. ಗಾರೆ ಕೆಲಸದವರು ಮಟ್ಟ ನೋಡಲು ಬಳಸುವ ನೀರು ತುಂಬಿದ ಪಾರದರ್ಶಕ ಪೈಪು ಸಾಕು.

ಇದೇ ಕಾರಣಕ್ಕೆ ಲಾರಿಯಿಂದ ಹಲಗೆಯ ಮೇಲೆ ಇಳಿಸುವಾಗ ಎಂಜಿನ್ನಿನಲ್ಲಿ ಬೆಂಕಿ ಇರಲೇಬಾರದು. ಹಲಗೆಯ ಇಳಿಜಾರು ನಾಲ್ಕಕ್ಕೆ ಒಂದರಷ್ಟಿರುತ್ತದೆ. ಹಗ್ಗ ಅಥವಾ ವಿಂಚ್ ಹಿಡಿದು ತಣ್ಣಗಿರುವಾಗಲೇ ಇಳಿಸಬೇಕು, ಸಂಜೆ ಬೆಂಕಿ ತೆಗೆದು ಆರಿದ ಮೇಲೆಯೇ ಏರಿಸಬೇಕು. ಹೊತ್ತಾಯಿತು ಎಂದು ಅವಸರಪಡಿಸುವವರು ಪ್ರತಿ ಮೇಳದಲ್ಲೂ ಒಬ್ಬರಿರುತ್ತಾರೆ, ಅವರನ್ನು ಚಹಾಕ್ಕೆ ಕಳಿಸಿ.

7¼ ಇಂಚಿನ ಹಳಿಯನ್ನು ನೆಲದ ಮೇಲೆಯೇ ಹಾಸುತ್ತಾರೆ. 5 ಇಂಚಿನದನ್ನು ಸಾಮಾನ್ಯವಾಗಿ ಮೊಣಕಾಲೆತ್ತರದ ಕಾಲುಗಳ ಮೇಲೆ ನಿಲ್ಲಿಸುತ್ತಾರೆ, ಸವಾರರು ಎರಡೂ ಬದಿಗೆ ಕಾಲು ಇಳಿಬಿಟ್ಟು ಕೂರುತ್ತಾರೆ. ಎರಡರಲ್ಲೂ ಕೆಡುಕು ತರುವುದು ಒಂದು ಬದಿ ಮಾತ್ರ ಕುಸಿಯುವುದು. ಇಡೀ ಹಳಿ ಒಂದಿಂಚು ತಗ್ಗಿದರೆ ಎಂಜಿನ್ ದಾಟಿಹೋಗುತ್ತದೆ, ಎಡಬದಿ ಮಾತ್ರ ಅರ್ಧ ಇಂಚು ತಗ್ಗಿದರೆ ಹಳಿ ತಿರುಚಿಕೊಂಡು ಚಕ್ರ ಹೊರಬೀಳುತ್ತದೆ. ಪ್ರತಿ ಕಾಲಿನ ಕೆಳಗೂ, ಪ್ರತಿ ಕೂಡುಸ್ಥಳದ ಕೆಳಗೂ ಒಂದು ಚಿರೇಕಲ್ಲಿನ ತುಂಡನ್ನು ಮಟ್ಟ ನೋಡಿ ಕೂರಿಸಿ. ಮೇಳದ ಮುಂಚಿನ ದಿನ, ಎಂಜಿನ್ ಬಿಡದೆ, ನಾಲ್ಕು ಜನರನ್ನು ಕೂರಿಸಿದ ಗಾಡಿಯನ್ನು ಕೈಯಿಂದ ತಳ್ಳಿ ಸುತ್ತು ಹಾಕಿಸಿ, ಎಲ್ಲಿ ಕುಸಿಯಿತು ಎಂದು ನೋಡಿಕೊಳ್ಳಿ. ತಿರುವಿನ ತ್ರಿಜ್ಯ ಹದಿನೈದು ಮೀಟರಿಗಿಂತ ಕಡಿಮೆಯಾಗದಿರಲಿ.

ಒಟ್ಟಿನಲ್ಲಿ ನನ್ನ ಮತ ಬೇಣಕ್ಕೆ.

ಉತ್ತರ 2: ಕಡಲ ಬದಿಯವ, ಕುಮಟಾ

ಹುಬ್ಬಳ್ಳಿಯ ಹಿರಿಯರ ಮಾತನ್ನು ಪೂರ್ತಿ ಒಪ್ಪಲಾರೆ. ನೆಲದ ಗಟ್ಟಿತನದ ದೃಷ್ಟಿಯಿಂದ ಅವರು ಹೇಳಿದ್ದು ಸರಿ. ಆದರೆ ಜನವರಿಯ ಬೇಣವೆಂದರೆ ಸೊಂಟದೆತ್ತರದ ಒಣ ಕರಡದ ಹುಲ್ಲು, ಅದರ ಮೇಲೆ ಬೆಟ್ಟ, ಬೆಟ್ಟದಲ್ಲಿ ದರಕು, ಅಂದರೆ ಉದುರಿದ ಒಣ ಎಲೆ. ಕಲ್ಲಿದ್ದಲಾಗಲಿ ಕಟ್ಟಿಗೆಯಾಗಲಿ ಸುಡುವ ಎಂಜಿನ್ನಿನ ಚಿಮಣಿಯಿಂದ ಕಿಡಿ ಹಾರುವುದು ಸಹಜ. ಎಂಜಿನ್ ಭಾರ ಎಳೆಯುವಾಗ ಪ್ರತಿ ಹೊಡೆತಕ್ಕೂ ಹೊರಬೀಳುವ ಉಗಿ ಬೆಂಕಿಯನ್ನು ಎಳೆದು ಊದುವ ಹಾಗೆಯೇ ಅದರ ರಚನೆಯಿರುತ್ತದೆ. ಇಳಿಜಾರಿನಲ್ಲಿ ಬೆಂಕಿ ಮೇಲ್ಮುಖವಾಗಿ ಓಡುವ ವೇಗ ಕಾಡಂಚಿನಲ್ಲಿ ಬದುಕುವ ನಿಮಗೆ ಹೊಸದಲ್ಲ. ನಿಮ್ಮ ಬೇಣದ ಮೇಲಿನ ತುದಿಯಲ್ಲಿ ಬೆಟ್ಟವಿದೆ ಎಂದು ನೀವೇ ಬರೆದಿದ್ದೀರಿ.

ಬೇಣವನ್ನೇ ಆರಿಸುವುದಾದರೆ ಡಿಸೆಂಬರ್‌ನಲ್ಲೇ ಕರಡವನ್ನು ಬುಡಮಟ್ಟ ಕೊಯ್ದು ಹೊರಗೆ ಸಾಗಿಸಬೇಕು. ಜಾಗದ ಸುತ್ತ, ಮುಖ್ಯವಾಗಿ ಬೆಟ್ಟದ ಕಡೆಗೆ, ಐದು ಮೀಟರ್ ಅಗಲಕ್ಕೆ ಹುಲ್ಲನ್ನೆಲ್ಲ ಕೆತ್ತಿ ಬರಿ ಮಣ್ಣು ಕಾಣುವಂತೆ ಬೆಂಕಿರೇಖೆ ಮಾಡಬೇಕು. ಹಳೆಯ ಅಗಳ (ಗಡಿಯ ಕಂದಕ) ಇದ್ದರೆ ಅದರೊಳಗೆ ತುಂಬಿದ ದರಕನ್ನು ಗುಡಿಸಿ ತೆಗೆಯಬೇಕು, ಇಲ್ಲದಿದ್ದರೆ ಅಗಳವೇ ಬೆಂಕಿಗೆ ದಾರಿಯಾಗುತ್ತದೆ. ಸುಟ್ಟು ಸ್ವಚ್ಛ ಮಾಡುವ ಯೋಚನೆಯನ್ನು ಕೈಬಿಡಿ. ಪ್ರತಿ ಎಂಜಿನ್ನಿನ ಹೊಗೆಪೆಟ್ಟಿಗೆಯೊಳಗೆ ಕಿಡಿ ತಡೆಯುವ ತಂತಿಬಲೆ ಇದೆಯೇ ಎಂದು ಬೆಂಕಿ ಹಾಕುವ ಮೊದಲು ಬಾಗಿಲು ತೆಗೆಸಿ ನೋಡಿ. ಇದೆ ಎಂದು ಬಾಯಲ್ಲಿ ಹೇಳಿದರೆ ಸಾಲದು. ಬೂದಿಪೆಟ್ಟಿಗೆಯಿಂದ ಕೆಳಗೆ ಬೀಳುವ ಕೆಂಡವೂ ಅಷ್ಟೇ ಅಪಾಯ. ಸೋಗೆ ಹೊದಿಸಿದ ಚಪ್ಪರವನ್ನು ಎಂಜಿನ್ ಓಡುವ ಜಾಗದಿಂದ ದೂರ ಕಟ್ಟಿ, ಬೆಂಕಿ ಹಾಕುವ ಜಾಗಕ್ಕೆ ನೆರಳು ಬೇಕೆಂದರೆ ತಗಡು ಹಾಕಿ.

ಉರುವಲಿನ ವಿಷಯದಲ್ಲಿ ನಮ್ಮ ಕಡೆಯವರ ಅನುಭವ ಉಪಯೋಗಕ್ಕೆ ಬಂದೀತು. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಬೂದಿಯ ಅಂಶ ಹೆಚ್ಚು, ಪುಟ್ಟ ಬೆಂಕಿಪೆಟ್ಟಿಗೆಯ ಕಂಬಿಗಳ ನಡುವೆ ಅದು ಬೇಗ ಕಿಟ್ಟ ಕಟ್ಟುತ್ತದೆ. ತೆಂಗಿನ ಕರಟದ ಇದ್ದಿಲು ಹೊಗೆಯಿಲ್ಲದೆ ಚೆನ್ನಾಗಿ ಕಾಯುತ್ತದೆ; ಬೆಳಿಗ್ಗೆ ಉಗಿ ಎಬ್ಬಿಸಲು ಅದಕ್ಕಿಂತ ಒಳ್ಳೆಯದು ನಮ್ಮಲ್ಲಿಲ್ಲ. ಹಸಿ ಅಕೇಶಿಯಾ ಕಟ್ಟಿಗೆಯನ್ನು ಮಾತ್ರ ಯಾರೂ ತರದಂತೆ ನೋಡಿಕೊಳ್ಳಿ. ಹಸಿಕಟ್ಟಿಗೆಯ ಟಾರು ಬಾಯ್ಲರ್ ಕೊಳವೆಗಳೊಳಗೆ ಅಂಟಿಕೊಂಡರೆ ಬಿಡಿಸುವುದು ಹರಸಾಹಸ.

ನೀರಿನ ಬಗ್ಗೆ ಕೇಳಿದ್ದೀರಿ. ಚಿರೇಕಲ್ಲು ನೆಲದ ಬಾವಿಗಳ ನೀರು ಸಾಮಾನ್ಯವಾಗಿ ಮೆದು, ಅದರಲ್ಲಿ ಸುಣ್ಣದ ಅಂಶ ಕಡಿಮೆಯಿರುವುದರಿಂದ ಬಾಯ್ಲರ್‌ನಲ್ಲಿ ಗಸಿ ಕಟ್ಟುವುದೂ ಕಡಿಮೆ. ಬಯಲುಸೀಮೆಯ ಕೊಳವೆಬಾವಿಯ ನೀರಿಗೆ ಹೋಲಿಸಿದರೆ ನೀವು ಪುಣ್ಯವಂತರು. ಕೆಂಪು ಕೆಸರನ್ನು ಮಾತ್ರ ತಿಳಿಯಾಗಲು ಬಿಟ್ಟು, ಬಟ್ಟೆಯಲ್ಲಿ ಸೋಸಿ ತುಂಬಿಸಬೇಕು. ಬಾಯ್ಲರ್‌ಗೆ ನೀರು ನುಗ್ಗಿಸುವ ಇಂಜೆಕ್ಟರ್‌ನೊಳಗಿನ ರಂಧ್ರ ಒಂದು ಮಿಲಿಮೀಟರಿನ ಆಸುಪಾಸಿನಲ್ಲಿರುತ್ತದೆ, ಒಂದು ಮರಳಿನ ಕಣ ಸಿಕ್ಕಿಕೊಂಡರೂ ಸಾಕು, ಅದು ಕೆಲಸ ನಿಲ್ಲಿಸುತ್ತದೆ. ಇನ್ನೊಂದು ಸಂಗತಿಯನ್ನು ಹೊಸಬರು ಯೋಚಿಸಿಯೇ ಇರುವುದಿಲ್ಲ. ಇಂಜೆಕ್ಟರ್ ತಣ್ಣೀರಿನಲ್ಲಿ ಉಗಿಯನ್ನು ದ್ರವೀಕರಿಸಿಕೊಂಡೇ ಕೆಲಸ ಮಾಡುವುದರಿಂದ ನೀರು ಬೆಚ್ಚಗಾದರೆ ಅದು ಕೈಕೊಡುತ್ತದೆ. ಕಪ್ಪು ಪ್ಲಾಸ್ಟಿಕ್ ತೊಟ್ಟಿಯನ್ನು ಬಯಲಿನಲ್ಲಿಟ್ಟರೆ ಮಧ್ಯಾಹ್ನ ಎರಡು ಗಂಟೆಯ ಹೊತ್ತಿಗೆ ಆ ನೀರು ಸ್ನಾನಕ್ಕಾದೀತೇ ಹೊರತು ಎಂಜಿನ್ನಿಗಾಗುವುದಿಲ್ಲ, ಬೆಳಿಗ್ಗೆ ಸರಿಯಾಗಿದ್ದ ಎಂಜಿನ್‌ಗಳೆಲ್ಲ ಊಟದ ನಂತರ ಒಂದೊಂದಾಗಿ ಮುನಿಸಿಕೊಳ್ಳುತ್ತವೆ. ತೊಟ್ಟಿ ಮರದ ನೆರಳಿನಲ್ಲಿರಲಿ, ಪೈಪನ್ನು ಹುಲ್ಲಿನ ಕೆಳಗೆ ಹಾಯಿಸಿ.

ಸಮುದ್ರದ ಕಡೆಯ ಜಾಗದ ಬಗ್ಗೆ: ದಯವಿಟ್ಟು ಬೇಡ. ಕಾರವಾರದ ಟ್ಯಾಗೋರ್ ಕಡಲತೀರದಂಥ ಮರಳಿನಲ್ಲಿ ಆ ಚಕ್ರಗಳು ಹೂತುಹೋಗುತ್ತವೆ. ಅಘನಾಶಿನಿಯ ಅಳಿವೆಯ ಗಜನಿ ಗದ್ದೆಗಳು ಭರತದ ನೀರು ನುಗ್ಗುವ ತಗ್ಗಿನಲ್ಲಿವೆ. ಅಲ್ಲಿ ಉಪ್ಪುನೀರಿಗೆ ಜಗ್ಗದ ಕಗ್ಗ ಭತ್ತ ಬೆಳೆದೀತು, ಲಾರಿ ನಿಲ್ಲಲಾರದು. ತೀರದ ಬಾವಿಗಳ ನೀರಿನಲ್ಲಿ ಉಪ್ಪಿನ ಅಂಶ ಸೇರಿದ್ದರೆ ಬಾಯ್ಲರ್‌ನಲ್ಲಿ ನೊರೆಯೆದ್ದು ಉಗಿಯ ಜೊತೆ ನೀರೂ ಸಿಲಿಂಡರಿಗೆ ಹೋಗುತ್ತದೆ. ನಾನು ಕರಾವಳಿಯವನಾಗಿಯೂ ಈ ಮಾತು ಹೇಳುತ್ತಿದ್ದೇನೆ, ದೇವಿಮನೆ ಘಟ್ಟ ಹತ್ತಿ ನಾವೇ ಬರುತ್ತೇವೆ.

ನನ್ನ ಮತ ಗದ್ದೆಗೇ. ಕೂಳೆ ಕೊಯ್ದು, ದನದ ಗೊರಸಿನ ಗುಳಿಗಳನ್ನು ಮುಚ್ಚಿ ಕೊರಡು ಹೊಡೆದರೆ ಹಸಿರಿಲ್ಲದ, ಹೊತ್ತಿಕೊಳ್ಳಲು ಏನೂ ಇಲ್ಲದ ಬಯಲು ನಿಮಗೆ ಸಿಗುತ್ತದೆ.

ಮರುಪ್ರಶ್ನೆ: ಹಳ್ಳದಂಚು, ಶಿರಸಿ

ಇಬ್ಬರಿಗೂ ಧನ್ಯವಾದಗಳು. ನೀರಿನ ಪೈಪು ಹಿಡಿದು ಅಳೆದೆವು. ಬೇಣದ ಹೆಚ್ಚಿನ ಭಾಗ ಹದಿನೈದಕ್ಕೆ ಒಂದರಷ್ಟು ಇಳಿಜಾರಾಗಿದೆ, ಆದ್ದರಿಂದ ಎಂಜಿನ್ ಓಡಿಸುವ ಮಾತು ಅಲ್ಲಿಗೆ ಮುಗಿಯಿತು. ಹಳ್ಳದಂಚಿನ ಗದ್ದೆಯಲ್ಲಿ ಹಾರೆ ಹಾಕಿ ನೋಡಿದರೆ ಗೇಣುದ್ದದ ಕೆಳಗೆ ಮಣ್ಣು ಕೈಗೆ ಅಂಟುತ್ತದೆ. ಆದರೆ ಇವೆರಡರ ನಡುವೆ, ಬೇಣದ ಬುಡದಲ್ಲಿ, ಮಳೆಯ ನೀರನ್ನಷ್ಟೇ ನಂಬಿದ ಎರಡು ಮಕ್ಕಿ ಗದ್ದೆಗಳಿವೆ. ಕಿರಿದಾದವು ಎಂದು ಮೊದಲು ಅವುಗಳ ಪ್ರಸ್ತಾಪ ಮಾಡಿರಲಿಲ್ಲ. ಅಲ್ಲಿ ಕೊಯ್ಲು ನವೆಂಬರ್‌ನಲ್ಲೇ ಆಗುತ್ತದೆ, ನೀರು ಬೇಗ ಬಸಿದುಹೋಗುತ್ತದೆ, ಮಣ್ಣಿನಲ್ಲಿ ಗೊಚ್ಚು ಸೇರಿಕೊಂಡಿದೆ. ಎರಡರ ನಡುವಿನ ಹಾಳಿ, ಅಂದರೆ ಬದು, ಮೊಣಕಾಲೆತ್ತರವಿದೆ. ಅದನ್ನು ಒಡೆದು ಒಂದೇ ಬಯಲು ಮಾಡಬಹುದೇ? ಬೇಣವನ್ನು ವಾಹನ ನಿಲುಗಡೆಗೆ ಬಿಟ್ಟರೆ ಹೇಗೆ?

ಉತ್ತರ 3: ಬೆಟ್ಟದಮನೆ, ಸಿದ್ದಾಪುರ

ಮಕ್ಕಿ ಗದ್ದೆಯ ಆಯ್ಕೆ ಸರಿಯೆನಿಸುತ್ತದೆ. ನೆಲದ ಬಗ್ಗೆ ಹಿರಿಯರು ಹೇಳುತ್ತಾರೆ. ನಾನು ಕಾಗದಪತ್ರ ಮತ್ತು ಊರಿನ ಬಾಬತ್ತು ಹೇಳುತ್ತೇನೆ, ಮೇಳಗಳು ನಿಲ್ಲುವುದು ಸಾಮಾನ್ಯವಾಗಿ ಅಲ್ಲೇ.

ಬಾಯ್ಲರ್‌ಗಳ ಕಾನೂನು ಮೊದಲು. 1923ರ ಬಾಯ್ಲರ್ ಕಾಯ್ದೆಯ ಜಾಗಕ್ಕೆ 2025ರಲ್ಲಿ ಹೊಸ ಕಾಯ್ದೆ ಬಂದಿದೆ. 25 ಲೀಟರಿಗಿಂತ ಕಡಿಮೆ ನೀರು ಹಿಡಿಯುವ ಬಾಯ್ಲರ್‌ಗಳು ಅದರ ವ್ಯಾಖ್ಯೆಯಿಂದ ಹೊರಗುಳಿಯುತ್ತವೆ. 5 ಇಂಚು ಗೇಜಿನ ಎಂಜಿನ್‌ಗಳ ಬಾಯ್ಲರ್‌ಗಳು ಈ ಗಡಿಯ ಹತ್ತಿರವೂ ಬರುವುದಿಲ್ಲ. ಆದರೆ 7¼ ಇಂಚಿನ ದೊಡ್ಡ ಎಂಜಿನ್‌ಗಳು ಮತ್ತು ನಿಮ್ಮ ರಸ್ತೆ ಎಂಜಿನ್ ಗಡಿಯ ಆಚೀಚೆ ಇರಬಹುದಾದ್ದರಿಂದ ಮಾಲೀಕರು ಖಾಲಿ ಬಾಯ್ಲರ್‌ಗೆ ಅಳೆದ ನೀರು ತುಂಬಿಸಿ ನೋಡಿ ಲಿಖಿತವಾಗಿ ತಿಳಿಸಲಿ. ಗಡಿ ದಾಟಿದ್ದರೆ ಕಾರ್ಖಾನೆಗಳು ಮತ್ತು ಬಾಯ್ಲರ್‌ಗಳ ಇಲಾಖೆಯ ನೋಂದಣಿ, ತಪಾಸಣೆಯಿಲ್ಲದೆ ಅದನ್ನು ಉರಿಸುವ ಹಾಗಿಲ್ಲ; ಪ್ರದರ್ಶನಕ್ಕೆ ತಣ್ಣಗೆ ನಿಲ್ಲಿಸಬಹುದು. ಕಾನೂನಿನಿಂದ ಹೊರಗಿದೆ ಎಂದ ಮಾತ್ರಕ್ಕೆ ಪರೀಕ್ಷೆಯಿಂದ ಹೊರಗಿಡಬೇಡಿ. ಹೊರದೇಶಗಳ ಹವ್ಯಾಸಿ ಸಂಘಗಳಲ್ಲಿ ಹೊಸ ಬಾಯ್ಲರ್‌ಗೆ ಕೆಲಸದ ಒತ್ತಡದ ಎರಡು ಪಟ್ಟು, ನಂತರದ ಪರೀಕ್ಷೆಗಳಲ್ಲಿ ಒಂದೂವರೆ ಪಟ್ಟು ತಣ್ಣೀರಿನ ಒತ್ತಡ ಕೊಟ್ಟು ನೋಡುವ ರೂಢಿಯಿದೆ. ನೀರು ಹೆಚ್ಚು ಕುಗ್ಗುವುದಿಲ್ಲವಾದ್ದರಿಂದ ಬಾಯ್ಲರ್ ಸೋತರೂ ಅದು ಸಿಡಿಯದೆ ಒಸರುತ್ತದೆ. ಆಮೇಲೆ ಉಗಿಯಲ್ಲಿ, ಬೆಂಕಿಯನ್ನು ಪೂರ್ತಿ ಉರಿಸಿ, ಸುರಕ್ಷಾ ಕವಾಟ ತೆರೆದುಕೊಂಡಾಗ ಒತ್ತಡ ಕೆಲಸದ ಒತ್ತಡಕ್ಕಿಂತ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಏರದಿರುವುದನ್ನು ಖಚಿತಪಡಿಸಿಕೊಳ್ಳುತ್ತಾರೆ. ಈ ದಾಖಲೆ ಇಲ್ಲದ ಎಂಜಿನ್ನಿಗೆ ದಣಪೆ ತೆಗೆಯಬೇಡಿ, ಅದು ಎಷ್ಟೇ ಹತ್ತಿರದ ನೆಂಟರದ್ದಾಗಿರಲಿ.

ಜಾಗದ ವಿಷಯದಲ್ಲಿ ಒಂದು ಎಚ್ಚರಿಕೆ. ಬೇಣ ನಿಮ್ಮ ಸ್ವಂತದ್ದೇ, ಅಥವಾ ಅದರ ಮೇಲಿನ ಭಾಗ ಸೊಪ್ಪಿನ ಬೆಟ್ಟವೇ ಎಂದು ಪಹಣಿ, ನಕ್ಷೆ ತೆಗೆಸಿ ನೋಡಿ. ನಮ್ಮ ಜಿಲ್ಲೆಯಲ್ಲಿ ಒಂದು ಎಕರೆ ಅಡಿಕೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಬೆಟ್ಟ ಬಿಟ್ಟುಕೊಟ್ಟದ್ದು ಸೊಪ್ಪು, ದರಕು ತರುವ ಸವಲತ್ತಿಗಾಗಿ. ಭೂಮಿ ಸರ್ಕಾರದ್ದೇ, ಅಲ್ಲಿ ನೆಲ ಕೆತ್ತುವುದಾಗಲಿ ವಾಹನ ನಿಲ್ಲಿಸುವುದಾಗಲಿ ಅರಣ್ಯ ಇಲಾಖೆಯ ಒಪ್ಪಿಗೆಯಿಲ್ಲದೆ ಆಗದು. ಬೆಂಕಿರೇಖೆಯ ವಿಚಾರವನ್ನು ಅರಣ್ಯ ರಕ್ಷಕರಿಗೆ ಮೊದಲೇ ತಿಳಿಸಿದರೆ ಅವರೇ ಬಂದು ಜಾಗ ತೋರಿಸುತ್ತಾರೆ, ಬೇಸಿಗೆಯ ಮೊದಲು ಅವರಿಗೂ ಅದು ಬೇಕಾದ ಕೆಲಸ. ಗ್ರಾಮ ಪಂಚಾಯತಿ, ಪೊಲೀಸ್ ಠಾಣೆ, ಶಿರಸಿಯ ಅಗ್ನಿಶಾಮಕ ಠಾಣೆಗಳಿಗೆ ಪತ್ರ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ಧ್ವನಿವರ್ಧಕಕ್ಕೆ ಬೇರೆ ಅನುಮತಿ ಬೇಕು.

ಯಾರೂ ಹೇಳದ ಒಂದು ವಿಷಯ ಉಳಿದಿದೆ. ಮಂಗನ ಕಾಯಿಲೆಯ ಕಾಲ ಡಿಸೆಂಬರ್‌ನಿಂದ ಮೇ ತಿಂಗಳವರೆಗೆ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಈ ಕಾಯಿಲೆ 2024ರಲ್ಲಿ ನಮ್ಮ ಸಿದ್ದಾಪುರದಲ್ಲಿ ಜೋರಾಗಿಯೇ ಇತ್ತು. ಅದನ್ನು ಹರಡುವ ಉಣ್ಣೆಗಳು ಇರುವುದು ಬೆಟ್ಟದಂಚಿನ ದರಕಿನಲ್ಲಿ, ಹುಲ್ಲಿನಲ್ಲಿ. ಅಂದರೆ ನಿಮ್ಮ ಕೆಲಸದವರು ಕೆತ್ತುವ, ಪೇಟೆಯಿಂದ ಬಂದ ಮಕ್ಕಳು ಓಡಾಡುವ ಜಾಗದಲ್ಲೇ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಆ ಹೊತ್ತಿಗೆ ಊರಿನ ಪರಿಸ್ಥಿತಿ ಕೇಳಿಕೊಳ್ಳಿ. ಹತ್ತಿರದಲ್ಲಿ ಮಂಗ ಸತ್ತ ಸುದ್ದಿಯಿದ್ದರೆ ಮೇಳವನ್ನು ಮುಂದೂಡುವುದೇ ಸರಿ. ಕೆಲಸಕ್ಕೆ ಇಳಿಯುವವರಿಗೆ ಉಣ್ಣೆ ಕಚ್ಚದಂತೆ ಮೈಗೆ ಹಚ್ಚಿಕೊಳ್ಳುವ ಡೆಪಾ ಎಣ್ಣೆ ಕೊಡಿಸಿ, ಸಂಜೆ ಬಿಸಿನೀರು ಸ್ನಾನ, ಬಟ್ಟೆ ಒಗೆಯುವುದನ್ನು ಕಡ್ಡಾಯ ಮಾಡಿ. ಪ್ರೇಕ್ಷಕರು ಬೆಟ್ಟದ ಕಡೆ ಹೋಗದಂತೆ ಬಿದಿರು ಗಳ ಕಟ್ಟಿ ತಡೆಯಿರಿ.

ಕೊನೆಯದಾಗಿ ನೆರೆಹೊರೆ. ಜನವರಿಯಲ್ಲಿ ಎಲ್ಲರ ಅಂಗಳದಲ್ಲೂ ಚಾಲಿ ಅಡಿಕೆ ಒಣಗುತ್ತಿರುತ್ತದೆ. ಕಲ್ಲಿದ್ದಲಿನ ಮಸಿ ಅದರ ಮೇಲೆ ಬಿದ್ದರೆ ಮೇಳದ ಸಂತೋಷಕ್ಕಿಂತ ಜಗಳದ ನೆನಪು ಹೆಚ್ಚು ದಿನ ಉಳಿಯುತ್ತದೆ. ಗಾಳಿ ಯಾವ ಕಡೆಗೆ ಬೀಸುತ್ತದೆಂದು ಒಂದು ವಾರ ಮೊದಲಿಂದ ಬೆಳಿಗ್ಗೆ, ಮಧ್ಯಾಹ್ನ ನೋಡಿಟ್ಟುಕೊಂಡು, ಬೆಂಕಿ ಹಾಕುವ ಜಾಗವನ್ನು ಅದರಂತೆ ಗುರುತಿಸಿ. ಆ ಕಡೆಯ ಮನೆಗಳಿಗೆ ಮೊದಲೇ ಹೋಗಿ ಮಾತಾಡಿ ಬನ್ನಿ.

ಉತ್ತರ 4: ಹಳೆಯ ಫಿಟ್ಟರ್, ಹುಬ್ಬಳ್ಳಿ

ಮಕ್ಕಿ ಗದ್ದೆಯಿದೆ ಎಂದು ಮೊದಲೇ ಗೊತ್ತಾಗಿದ್ದರೆ ಬೇಣಕ್ಕೆ ಮತ ಹಾಕುತ್ತಿರಲಿಲ್ಲ. ಕುಮಟಾದವರ ಬೆಂಕಿಯ ಮಾತಿಗೆ ನನ್ನ ಪೂರ್ಣ ಸಹಮತವಿದೆ.

ಹಾಳಿಯನ್ನು ಒಡೆಯಬೇಡಿ. ಎರಡು ಮಟ್ಟಗಳನ್ನು ಒಂದು ಮಾಡಲು ಹೋದರೆ ಮಣ್ಣು ತುಂಬಿದ ಭಾಗ ಮೇಳದ ದಿನವೇ ಕುಸಿಯುತ್ತದೆ. ಹೊಸದಾಗಿ ತುಂಬಿದ ಮಣ್ಣು ಒಂದು ಮಳೆಗಾಲ ಕಾಣದೆ ಗಟ್ಟಿಯಾಗುವುದಿಲ್ಲ. ಮೇಲಿನ ಮಕ್ಕಿಯಲ್ಲಿ ರಸ್ತೆ ಎಂಜಿನ್ ಮತ್ತು ಸ್ಥಿರ ಎಂಜಿನ್‌ಗಳಿರಲಿ, ಕೆಳಗಿನದರಲ್ಲಿ ಹಳಿ ಹಾಸಿ. ಮೊಣಕಾಲೆತ್ತರದ ಹಾಳಿಯೇ ಎರಡರ ನಡುವಿನ ಬೇಲಿಯಾಗುತ್ತದೆ, ಜನರು ಅದರ ಮೇಲೆ ಕುಳಿತು ನೋಡುತ್ತಾರೆ ಕೂಡ. ನೆಲ ಸಿದ್ಧವಾಗಿದೆಯೇ ಎಂದು ನೋಡಲು ಮಣ್ಣು ತುಂಬಿದ ಟ್ರ್ಯಾಕ್ಟರ್ ಟ್ರಾಲಿಯನ್ನು ಒಮ್ಮೆ ಅಡ್ಡಾಡಿಸಿ. ಟೈರಿನ ಗುರುತು ಒಂದಿಂಚಿಗಿಂತ ಆಳವಾಗಿ ಬಿದ್ದ ಜಾಗವನ್ನು ಸುಣ್ಣ ಹಾಕಿ ಗುರುತಿಸಿ, ಅಲ್ಲಿ ಎಂಜಿನ್ ಹೋಗುವುದು ಬೇಡ.

ಬೇಣದಲ್ಲಿ ವಾಹನ ನಿಲ್ಲಿಸುವುದಾದರೆ ಕರಡ ಕೊಯ್ದ ಮೇಲೆಯೇ. ಈಗಿನ ಕಾರುಗಳ ಹೊಗೆಕೊಳವೆಯ ಭಾಗ ಒಣಹುಲ್ಲಿಗೆ ತಾಗಿದರೆ ಹೊತ್ತಿಕೊಳ್ಳುವಷ್ಟು ಬಿಸಿಯಾಗುತ್ತದೆ. ಉಗಿ ಎಂಜಿನ್ನಿನ ಕಿಡಿಗೆ ಹೆದರಿ ಕಾರಿನ ಬಿಸಿಯನ್ನು ಮರೆಯುವುದು ಸುಲಭ. ಎಂಜಿನ್ ತರುವ ಲಾರಿಗಳಿಗೆ ಬೇರೆ ದಾರಿ, ನೋಡಲು ಬರುವವರಿಗೆ ಬೇರೆ ದಾರಿ ಮಾಡಿ.

ಬೆಂಕಿ ಹಾಕುವ ಜಾಗವನ್ನು ಒಂದೇ ಕಡೆ ಇಟ್ಟುಕೊಳ್ಳಿ. ಅಲ್ಲಿ ಹುಲ್ಲು ಕೆತ್ತಿದ ಬರಿ ನೆಲ, ಎಂಜಿನ್ ನಿಲ್ಲಿಸಲು ಸೊಂಟದೆತ್ತರದ ಕಬ್ಬಿಣದ ಮೇಜು, ಪಕ್ಕದಲ್ಲಿ ಕೆಂಡ ಸುರಿಯಲು ನೀರು ತುಂಬಿದ ಅರ್ಧ ಡ್ರಮ್ಮು ಇರಲಿ. ಸಣ್ಣ ಎಂಜಿನ್ ಉಗಿ ಎಬ್ಬಿಸಲು ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ ಬೇಕು, ರಸ್ತೆ ಎಂಜಿನ್ನಿಗೆ ಒಂದು ಗಂಟೆಯಾದರೂ ಬೇಕು. ಚಿಮಣಿಯ ಬಾಯಿಗಿಟ್ಟು ಗಾಳಿ ಎಳೆಯುವ ಸಣ್ಣ ಫ್ಯಾನಿಗೆ 12 ವೋಲ್ಟಿನ ಬ್ಯಾಟರಿ ಸಾಕಾಗುವುದರಿಂದ ಅಲ್ಲಿಗೆ ಮನೆಯ ಕರೆಂಟು ಎಳೆಯಬೇಡಿ. ಬಾಯ್ಲರ್ ತಳದ ನೀರು ಹೊರಬಿಡುವಾಗ ಕುದಿಯುವ ನೀರು, ಉಗಿ ಒಟ್ಟಿಗೆ ಭೋರೆಂದು ನುಗ್ಗುತ್ತವೆ, ಆ ಕೊಳವೆಯ ಬಾಯಿ ಹಾಳಿಯ ಕಡೆಗಿರಲಿ, ಜನರ ಕಡೆಗಲ್ಲ. ಸುಟ್ಟಗಾಯಕ್ಕೆ ಹರಿಯುವ ತಣ್ಣೀರನ್ನು ಇಪ್ಪತ್ತು ನಿಮಿಷ ಬಿಡಬೇಕಾದ್ದರಿಂದ ಒಂದು ನಲ್ಲಿಯನ್ನು ಅದಕ್ಕೆಂದೇ ಮೀಸಲಿಡಿ. ಬಾಯ್ಲರ್ ನೀರಿಗೆ ಕೆಲವರು ಔಷಧ ಬೆರೆಸುತ್ತಾರೆ, ಕುಡಿಯುವ ನೀರಿನ ಕೊಡಗಳನ್ನು ಆ ತೊಟ್ಟಿಯ ಹತ್ತಿರ ಇಡಬೇಡಿ.

ಮುಗಿದ ಮೇಲೆ ಕಟ್ಟಿಗೆಯ ಮತ್ತು ಕರಟದ ಬೂದಿಯನ್ನು ತೋಟಕ್ಕೆ ಹಾಕಬಹುದು. ಕಲ್ಲಿದ್ದಲಿನ ಕಿಟ್ಟವನ್ನು ಬೇರೆಯಾಗಿ ಚೀಲಕ್ಕೆ ತುಂಬಿ, ತಂದವರ ಕೈಯಲ್ಲೇ ವಾಪಸು ಕಳಿಸಿ. ಅದು ಮಕ್ಕಿಯಲ್ಲಿ ಉಳಿದರೆ ನಾಟಿಯ ಹೊತ್ತಿನಲ್ಲಿ ಕಾಲಿಗೆ ಚುಚ್ಚುತ್ತದೆ. ಚಿರೇಕಲ್ಲಿನ ತುಂಡುಗಳನ್ನು ಎಣಿಸಿ ಇಟ್ಟಿದ್ದರೆ ಎಣಿಸಿಯೇ ತೆಗೆಯಬಹುದು.